ಮಾವ ಮುಚ್ಚಿದ ಕಿಂಡಿ

ನನ್ನ ಮಾವನ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ನುಣುಪಾದ ತೆಳು ಗುಲಾಬಿ ಚರ್ಮವಿತ್ತು. ಚಳಿ ಜೋರಾದರೆ ಅದು ನೀಲಿಗೆ ತಿರುಗುತ್ತಿತ್ತು. ಮದುವೆಯಾದ ಹೊಸತರಲ್ಲಿ ಊಟಕ್ಕೆ ಬಡಿಸುವಾಗಲೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅದು ಅವರಿಗೆ ಗೊತ್ತಾಯಿತೋ ಏನೋ, ಒಂದು ದಿನ ಅನ್ನ ಕಲಸುತ್ತ ತಾವೇ ಹೇಳಿದರು. "ಸುಟ್ಟದ್ದಲ್ಲ ಮಾರಾಯ್ತಿ, ಹೆಪ್ಪುಗಟ್ಟಿ ಹೋದದ್ದು. ಎಸಿ ಪೈಪಿನ ಗ್ಯಾಸು ಹಾರಿತು. ಚಳಿ ಕೂಡ ಸುಡ್ತದೆ, ಗೊತ್ತುಂಟಾ?" ನನಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ನನಗೆ ಗೊತ್ತಿಲ್ಲದ್ದನ್ನು ಮೊದಲು ಹೇಳಿಕೊಟ್ಟವರು ಅವರೇ.

ಬಹಳ ವರ್ಷ ಅವರು ಮಂಗಳೂರು, ಮೈಸೂರುಗಳಲ್ಲಿ ಆಸ್ಪತ್ರೆ, ಮಾಲು, ಹೋಟೆಲುಗಳಿಗೆ ಹವಾನಿಯಂತ್ರಣ ಕೂರಿಸುವ ಕಂಪನಿಯಲ್ಲಿದ್ದವರು. ಕೊನೆಗೆ ಊರಿಗೆ ಬಂದು ಕೊಡಗಿನ ಪೊನ್ನಂಪೇಟೆಯಲ್ಲಿ ಅಂಗಡಿ ತೆರೆದಾಗ ನೆಂಟರೆಲ್ಲ ನಕ್ಕರಂತೆ. ವರ್ಷದ ಅರ್ಧ ಭಾಗ ಸ್ವೆಟರಿನಲ್ಲಿ ಕಳೆಯುವ ಊರಿನಲ್ಲಿ ಎಸಿ ಅಂಗಡಿ. "ಮೀನಿಗೆ ಕೊಡೆ ಮಾರ್ಲಿಕ್ಕೆ ಬಂದವ" ಎಂದು ಅತ್ತೆಯ ಅಣ್ಣ ಮಾಡಿದ ತಮಾಷೆ ನಮ್ಮ ಮನೆಯಲ್ಲಿ ಈಗಲೂ ಚಾಲ್ತಿಯಲ್ಲಿದೆ. ಆದರೆ ಮಾವನ ಅಂದಾಜು ತಪ್ಪಲಿಲ್ಲ. ಬ್ಯಾಂಕಿನ ಕಂಪ್ಯೂಟರ್ ಕೋಣೆ, ಆಸ್ಪತ್ರೆಯ ಆಪರೇಷನ್ ಥಿಯೇಟರು, ಮಾಂಸದಂಗಡಿಯ ಕೋಲ್ಡ್ ರೂಮು ಎಂದು ಶುರುವಾದ ಕೆಲಸ ಆಮೇಲೆ ರೆಸಾರ್ಟುಗಳಿಗೆ ಹಬ್ಬಿತು. ಬೆಂಗಳೂರಿನಿಂದ ಮಂಜು ನೋಡಲು ಬಂದವರಿಗೆ ಅದೇ ಮಂಜು ಕೋಣೆಯೊಳಗೆ ಬಂದರೆ ಆಗುವುದಿಲ್ಲ. ಕಿಟಕಿಯ ಸಂದಿಗೆ ರಬ್ಬರು, ಬಾಗಿಲ ಬುಡಕ್ಕೆ ಬ್ರಶ್ಶು, ಹಂಚಿನ ಕೆಳಗೆ ಜಿಪ್ಸಮ್ ಸೀಲಿಂಗು, ಗೋಡೆಗೆ ಬಿಸಿಯನ್ನೂ ತಂಪನ್ನೂ ಕೊಡುವ ಎಸಿ. ಎಲ್ಲವನ್ನೂ ಮಾವನ ಅಂಗಡಿಯೇ ಮಾಡಿಕೊಡುತ್ತಿತ್ತು. ನನ್ನ ಗಂಡ ಅದೇ ಅಂಗಡಿಯಲ್ಲಿದ್ದಾನೆ. ಬಿಲ್ಲು ಬರೆಯುವುದು, ವ್ಯಾನು ಓಡಿಸುವುದು ನಾನು. ಮಾವನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಕಲಿಯುವ ತಾಳ್ಮೆಯೂ ಇರಲಿಲ್ಲ.

ತಾಳ್ಮೆ ಎನ್ನುವುದು ಅವರ ಹತ್ತಿರಕ್ಕೆ ಸುಳಿದದ್ದೇ ಇಲ್ಲ. ಯಾರ ಮನೆಗೆ ಹೋದರೂ ಕೂರುವ ಮುಂಚೆ ಜೇಬಿನಿಂದ ಊದುಬತ್ತಿ ತೆಗೆದು ಹಚ್ಚಿ ಬಾಗಿಲ ಬುಡಕ್ಕೆ, ಕಿಟಕಿಯ ಸಂದಿಗೆ, ಅಡುಗೆಮನೆಯ ಮೂಲೆಗೆ ಹಿಡಿಯುವರು. ಹೊಗೆ ಯಾವ ಕಡೆ ವಾಲುತ್ತದೆ ಎಂದು ನೋಡಿದರೆ ಆ ಮನೆಯ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುತ್ತದೆ. ನನ್ನ ತವರಿನವರದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿ ಜೋಳ, ಶುಂಠಿ ಬೆಳೆಯುವ ಮನೆತನ. ನನ್ನನ್ನು ನೋಡಲು ಬಂದ ದಿನವೂ ಅವರು ಹೀಗೇ ಊದುಬತ್ತಿ ಹಿಡಿದುಕೊಂಡು ಮನೆಯೆಲ್ಲ ಸುತ್ತಿದರು. ನಮ್ಮವ್ವ ಒಳಗೆ ಬಂದು ನನ್ನ ಕಿವಿಯಲ್ಲಿ, "ಬೀಗರು ಭಾರಿ ದೈವಭಕ್ತರು ಕಣೆ, ಈ ಸಂಬಂಧ ಬಿಡಬ್ಯಾಡ" ಅಂದಳು. ಅಷ್ಟರಲ್ಲಿ ಆ ದೈವಭಕ್ತರು ನಮ್ಮಪ್ಪನಿಗೆ ಜೋರು ಮಾಡುವುದು ಕೇಳಿಸಿತು. "ಎಂತ ಯಜಮಾನ್ರೇ, ಒಲೆ ಹೊಗೆ ಹೋಗ್ಲಿಕ್ಕೆ ಜಾಗ ಇಲ್ವಲ್ಲ, ಹೆಂಗಸರ ಎದೆ ಏನಾಗ್ಬೇಕು?" ಸಂಬಂಧದ ಮಾತು ಶುರುವಾಗುವ ಮೊದಲೇ ಜಗಳ ಆಗುವುದರಲ್ಲಿತ್ತು. ಮದುವೆಯಾಗಿ ತಿಂಗಳಾಗುವುದರೊಳಗೆ ಅವರೇ ಹೋಗಿ ನಮ್ಮವ್ವನ ಅಡುಗೆಮನೆಗೆ ಹೊಗೆಗೂಡು ಕಟ್ಟಿಸಿ ಬಂದರು. ಅವ್ವ ಈಗಲೂ ಅದರ ಕೆಳಗೆ ನಿಂತು ಅವರನ್ನು ನೆನೆಯುತ್ತಾಳೆ.

ತಮ್ಮ ಮನೆಯವರ ಜೊತೆ ಅವರದು ಕೊಡಗಿನ ಅರೆಭಾಷೆ, ನನ್ನ ಜೊತೆ ಕನ್ನಡ. ಊಟದ ಹೊತ್ತಿಗೆ ಪಾಠ ಶುರುವಾಗುತ್ತಿತ್ತು. ಎಸಿ ತಂಪನ್ನು ತಯಾರು ಮಾಡುತ್ತದೆ ಎಂದು ನಾನು ತಿಳಿದಿದ್ದೆ. "ಅಲ್ಲ. ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುದು ಅಷ್ಟೆ. ಕೂಲಿ ಕೆಲಸ. ಆ ಗ್ಯಾಸು ಉಂಟಲ್ಲ, ಅದು ಒಳಗೆ ಬಂದು ಬಿಸಿಯನ್ನು ಹೀರಿಕೊಳ್ತದೆ, ಹೊರಗೆ ಹೋಗಿ ಬಿಡ್ತದೆ. ಪುನಃ ಬರ್ತದೆ. ಚಳಿಗಾಲಕ್ಕೆ ಅದನ್ನೇ ತಿರುಗಿಸಿದ್ರೆ ಹೊರಗಿನ ಬಿಸಿ ಒಳಗೆ." ಹೊರಗೆ ಕೊರೆಯುವ ಚಳಿಯಲ್ಲಿ ಎಲ್ಲಿಯ ಬಿಸಿ ಎಂದು ಕೇಳಿದರೆ, "ಉಂಟು, ನಿನ್ನ ಕೈಗೆ ಗೊತ್ತಾಗುದಿಲ್ಲ, ಯಂತ್ರಕ್ಕೆ ಗೊತ್ತಾಗ್ತದೆ" ಅನ್ನುವರು.

ಅವರು ಹೆಚ್ಚು ಹೇಳುತ್ತಿದ್ದದ್ದು ಉಸಿರಿನ ವಿಚಾರ. ಗೋಡೆಗೆ ನೇತುಹಾಕುವ ಎಸಿ ಹೊರಗಿನಿಂದ ಹೊಸ ಗಾಳಿ ತರುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ತರುವುದಿಲ್ಲ. ಕೋಣೆಯೊಳಗಿನ ಅದೇ ಗಾಳಿಯನ್ನು ಎಳೆದು, ಬಿಸಿಯೋ ತಂಪೋ ಮಾಡಿ, ಮತ್ತೆ ಅದೇ ಕೋಣೆಗೆ ಬಿಡುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಹಾಗಲ್ಲ. ಅಲ್ಲಿ ಕೋಣೆಕೋಣೆಯಿಂದ ಹಳೆಯ ಗಾಳಿ ಕೊಳವೆಯಲ್ಲಿ ವಾಪಸು ಬರುತ್ತದೆ, ಅದರಲ್ಲಿ ಒಂದು ಪಾಲನ್ನು ಹೊರಗೆ ಬಿಟ್ಟು ಅಷ್ಟೇ ಹೊಸ ಗಾಳಿಯನ್ನು ಸೇರಿಸಿ, ಸೋಸಿ, ಹದ ಮಾಡಿ ಮತ್ತೆ ಕಳಿಸುತ್ತಾರೆ. ಸಣ್ಣ ಕೋಣೆಗೆ ಅಷ್ಟೆಲ್ಲ ಬೇಡ. ಗೋಡೆಯ ಮೇಲ್ಗಡೆ ಒಂದು ಕಿಂಡಿ, ಅದರಲ್ಲಿ ಹಳೆ ಗಾಳಿಯನ್ನು ಹೊರಗೆ ತಳ್ಳುವ ಸಣ್ಣ ಫ್ಯಾನು, ಬಾಗಿಲ ಬುಡದ ಬ್ರಶ್ಶಿನಲ್ಲಿ ಹೊಸ ಗಾಳಿ ನುಗ್ಗಲು ಒಂದಿಷ್ಟು ಸಂದು ಇದ್ದರೆ ಸಾಕು. "ಬಿಸಿ ಬೇಕು ಅಂತಾರೆ, ತಂಪು ಬೇಕು ಅಂತಾರೆ. ಉಸಿರಾಡ್ಲಿಕ್ಕೆ ಗಾಳಿ ಬೇಕು ಅಂತ ಇವತ್ತಿನವರೆಗೆ ಒಬ್ಬ ಗಿರಾಕಿ ಕೇಳ್ಲಿಲ್ಲ ನನ್ನ ಹತ್ರ" ಎಂದು ಬೇಸರಪಡುತ್ತಿದ್ದರು. ಗಿರಾಕಿ ಕೇಳದಿದ್ದರೂ ಇವರು ಕಿಂಡಿ ಕೊರೆಯುತ್ತಿದ್ದರು. ಕಿಂಡಿ ಬೇಡ ಎಂದವರ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದದ್ದೂ ಉಂಟು.

ಅಂಥವರು ಒಂದೇ ಒಂದು ಕಿಂಡಿಯನ್ನು ತಮ್ಮ ಕೈಯಾರೆ ಮುಚ್ಚಿದರು.

ತಿತಿಮತಿಯ ಹತ್ತಿರ, ಕಾಡಿನ ಅಂಚಿಗೆ, ಎಸ್ಟೇಟ್ ಬಂಗಲೆಯೊಂದನ್ನು ಅದರ ಮಾಲೀಕ ರೆಸಾರ್ಟ್ ಮಾಡಿದ್ದ. ಅತಿಥಿಗಳ ಕೋಣೆಗಳೆಲ್ಲ ಮುಗಿದ ಮೇಲೆ, ಹಿಂದಿನ ಹಳೆಯ ಲೈನ್ ಮನೆಗಳನ್ನೂ, ಅಂದರೆ ಕೂಲಿಯವರ ಸಾಲುಮನೆಗಳನ್ನೂ, ಹಾಗೆಯೇ ಸರಿಮಾಡಿಕೊಡಿ, ಕೆಲಸದವರು ಇರುತ್ತಾರೆ ಎಂದ. ಮಾವನಿಗೆ ಅದು ಖುಷಿಯ ವಿಷಯವೇ ಆಗಿತ್ತು. ಕೆಲಸದವರ ಕೋಣೆಗೆ ಸೀಲಿಂಗು, ಗಾಜಿನ ಕಿಟಕಿ ಹಾಕಿಸುವ ಮಾಲೀಕರು ಎಷ್ಟು ಜನ ಇದ್ದಾರೆ? ಎಸಿ ಇಲ್ಲ, ಆದರೆ ಉಳಿದದ್ದೆಲ್ಲ ಅಚ್ಚುಕಟ್ಟು. ಪ್ರತಿ ಕೋಣೆಗೂ ಕಿಂಡಿ, ಫ್ಯಾನು. ಕೊನೆಯ ಕೋಣೆಯಲ್ಲಿ ಬಟ್ಟೆ ಒಗೆಯುವ ಕೆಲಸದ ಅಕ್ಕತಂಗಿಯರಿದ್ದರು, ಪಾಲಿಬೆಟ್ಟದ ಕಡೆಯ ಎಸ್ಟೇಟಿನವರು. ಮಾವ ಹೋದಾಗಲೆಲ್ಲ ಕರಿಕಾಫಿ ಕೊಡುತ್ತಿದ್ದರಂತೆ. ಅಕ್ಕ ಮಾತು ಕಡಿಮೆ, ತಂಗಿ ಬಾಯಾಳಿ. ಅವಳು ಇವರನ್ನು "ಎಸಿ ಅಂಕಲ್" ಎಂದು ಕರೆಯುವುದನ್ನು ಮನೆಗೆ ಬಂದು ನಮಗೆ ಅನುಕರಿಸಿ ತೋರಿಸುತ್ತಿದ್ದರು.

ಆ ಮಳೆಗಾಲ ಕೆಟ್ಟದ್ದಾಗಿತ್ತು. ಮರ ಬಿದ್ದು, ಕಂಬ ಮುರಿದು, ಕರೆಂಟು ಎಷ್ಟೋ ದಿನ ಬರಲಿಲ್ಲ. ರೆಸಾರ್ಟಿನಲ್ಲಿ ಜನರೇಟರು ಅತಿಥಿಗಳ ಕೋಣೆಗೆ ಮಾತ್ರ. ಅಲ್ಲಿನ ಎಸಿ ಒಂದು ಕೆಟ್ಟಿತೆಂದು ಮಾವನನ್ನು ನಾನೇ ವ್ಯಾನಿನಲ್ಲಿ ಕರೆದುಕೊಂಡು ಹೋಗಿದ್ದೆ. ಕೆಲಸ ಮುಗಿಸಿ ಬರುವಾಗ ತಂಗಿ ಓಡಿ ಬಂದು ಕರೆದಳು. ಕರೆಂಟಿಲ್ಲದೆ ಫ್ಯಾನು ನಿಂತಿತ್ತು. ಗಾಳಿ ಮಳೆ ಎರಡೂ ಆ ಕಿಂಡಿಯಿಂದ ನೇರ ಒಳಗೆ ಬಡಿಯುತ್ತಿದ್ದವು. ಹಾಸಿಗೆಯ ತಲೆದೆಸೆಯೆಲ್ಲ ಒದ್ದೆ. "ಅಂಕಲ್, ಇದೊಂದು ಮುಚ್ಚಿ ಕೊಡಿ. ರಾತ್ರಿ ಕಿವಿಗೆ ಹೊಡಿತದೆ" ಅಂದಳು. ಮಾವ ಮೊದಲು ಬೈದರು. ಆಮೇಲೆ ಒದ್ದೆಯಾದ ಹಾಸಿಗೆ ನೋಡಿದರು. ಕೊಳವೆಗಳ ಜೋಡಣೆಗೆ ಸುತ್ತುವ ಬೆಳ್ಳಿ ಬಣ್ಣದ ಟೇಪು ನಮ್ಮ ಚೀಲದಲ್ಲಿ ಯಾವಾಗಲೂ ಇರುತ್ತದೆ. ಸ್ಟೂಲು ಹತ್ತಿ, ಕಿಂಡಿಗೆ ರಟ್ಟು ಇಟ್ಟು, ನಾಲ್ಕೂ ಕಡೆ ಟೇಪು ಅಂಟಿಸಿ, ಹೆಬ್ಬೆರಳಿನಿಂದ ತೀಡಿ ತೀಡಿ ಕೂರಿಸಿದರು. "ಮಳೆ ಬಿಟ್ಟ ಕೂಡ್ಲೆ ಕಿತ್ತುಬಿಡಿ" ಅಂದರು. ಅಲ್ಲಿಯವರೆಗೆ ಒಳಗೆ ಕೆಂಡ ಇಡಬೇಡಿ ಎಂಬ ಮಾತು ಬಾಯಿಗೆ ಬಂದಿತ್ತಂತೆ. ಅಷ್ಟರಲ್ಲಿ ಮಾಲೀಕ ಮುಂದಿನ ಬಂಗಲೆಯಿಂದ ಕೂಗಿದ, ಇನ್ನೊಂದು ಕೋಣೆಯ ಎಸಿ ನಿಂತಿತ್ತು. ಅವರು ಹೋದರು.

ಕೊಡಗಿನ ಮಳೆಗಾಲದಲ್ಲಿ ಬಟ್ಟೆ ಬಿಸಿಲಲ್ಲಿ ಒಣಗುವುದಿಲ್ಲ. ಬಚ್ಚಲೊಲೆಯಲ್ಲಿ ಉರಿದು ಉಳಿದ ಕೆಂಡವನ್ನು ಕಬ್ಬಿಣದ ಬಾಣಲೆಗೆ ಹಾಕಿ ಒಳಗೆ ತಂದು, ಮೇಲೆ ಬಿದಿರ ಬುಟ್ಟಿ ಕವುಚಿ, ಅದರ ಮೇಲೆ ಬಟ್ಟೆ ಹರಡುತ್ತೇವೆ. ಹೊಗೆಯಾಡುವ ಕೊಳ್ಳಿಯನ್ನು ಯಾರೂ ಒಳಗೆ ತರುವುದಿಲ್ಲ. ಹೊಗೆ ಪೂರ್ತಿ ಹೋಗಿ ಕೆಂಪಗೆ, ಶುದ್ಧವಾಗಿ ಉಳಿದ ಕೆಂಡವನ್ನೇ ಆರಿಸಿ ತರುತ್ತೇವೆ. ಹೊಗೆ ಇಲ್ಲದಿದ್ದರೆ ಅಪಾಯ ಇಲ್ಲ ಎಂದು ನಮ್ಮ ಅಜ್ಜಿಯರಿಂದಲೂ ನಂಬಿಕೆ. ಹಂಚಿನ ಮನೆಯಲ್ಲಿ ನಂಬಿಕೆ ನಡೆಯುತ್ತಿತ್ತು, ಹಂಚಿನ ನೂರು ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಸೀಲಿಂಗು, ರಬ್ಬರು, ಬ್ರಶ್ಶು ಹಾಕಿದ ಕೋಣೆಯಲ್ಲಿ ಕಿಂಡಿಯನ್ನೂ ಮುಚ್ಚಿದರೆ ಆ ಕೆಂಡ ಬಿಡುವ ವಿಷಗಾಳಿಗೆ ಹೋಗಲು ದಾರಿ ಇರುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸ್ವಲ್ಪ ಭಾರವಾಗುತ್ತದೆ, ನಿದ್ದೆ ಬರುತ್ತದೆ.

ಮರುದಿನ ಬೆಳಿಗ್ಗೆ ಅಕ್ಕತಂಗಿಯರು ಕೆಲಸಕ್ಕೆ ಬರಲಿಲ್ಲ. ಬಾಗಿಲು ಒಡೆದಾಗ ಇಬ್ಬರೂ ಒಂದೇ ಕಂಬಳಿಯಲ್ಲಿ ಮಲಗಿದ್ದರು. ಬುಟ್ಟಿಯ ಮೇಲೆ ಹರಡಿದ ಬಟ್ಟೆಗಳು ಚೆನ್ನಾಗಿ ಒಣಗಿದ್ದವು.

ಮಾವ ಸುದ್ದಿ ಕೇಳಿದ ತಕ್ಷಣ ಹೋದರು. ಪೊಲೀಸರ ಮುಂದೆ ತಾವೇ ನಿಂತು, "ಕಿಂಡಿ ಮುಚ್ಚಿದ್ದು ನಾನು" ಎಂದು ಹೇಳಿದರು. ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯ. "ಸಾರ್, ಮಳೆ ನೀರು ಬರ್ತದೆ ಅಂತ ತೂತು ಮುಚ್ಚೋದು ಅಪರಾಧ ಅಲ್ಲ. ಮನೆಗೆ ಹೋಗಿ ರೆಸ್ಟ್ ತಗೊಳ್ಳಿ" ಅಂದರು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಆದ ಸಾವು ಎಂದು ಬರೆದುಕೊಂಡರು. ಮಾಲೀಕ ಎಲ್ಲರ ಎದುರು, "ಎಷ್ಟು ಹೇಳಿದರೂ ಈ ಜನ ಕೇಳುದಿಲ್ಲ" ಎಂದ. ಯಾರು, ಯಾವಾಗ, ಏನು ಹೇಳಿದ್ದರೋ ಆ ದೇವರೇ ಬಲ್ಲ. ನನಗೆ ಅವನ ಕೆನ್ನೆಗೆ ಎರಡು ಬಾರಿಸಬೇಕೆನ್ನಿಸಿತು.

ಅಲ್ಲಿಂದ ಬಂದ ಮೇಲೆ ಮಾವ ಅಂಗಡಿಯ ಕಡೆ ಹೋಗಲಿಲ್ಲ. ಕೋಣೆಯಲ್ಲಿ ಕೂತು ಒಂದೇ ಮಾತು ಹೇಳುತ್ತಿದ್ದರು. "ಅವರೇ ಮುಚ್ಚಿದ್ದರೆ ಚಿಂದಿ ತುರುಕ್ತಿದ್ದರು. ಚಿಂದಿಯಲ್ಲಿ ಗಾಳಿ ಆಡ್ತಿತ್ತು. ನಾನು ಟೇಪು ಹಾಕಿದೆ." ನನಗೂ ಅದು ಸರಿಯೆಂದೇ ಕಾಣುತ್ತಿತ್ತು. ಕೊನೆಗೆ ಒಂದು ದಿನ, ಆ ಹುಡುಗಿಯರ ತಾಯಿಯ ಹತ್ತಿರ ಹೋಗಿ ಹೇಳಬೇಕು ಅಂದರು.

ಮನೆಯಲ್ಲಿ ದೊಡ್ಡ ರಂಪವಾಯಿತು. ಅತ್ತೆ ಅತ್ತುಬಿಟ್ಟರು. "ಹೋದವರು ಹೋದರು. ನೀವು ಹೇಳಿದ್ರೆ ಎದ್ದು ಬರ್ತಾರಾ? ಆ ತಾಯಿ ಹೇಗೋ ಮನಸ್ಸು ಗಟ್ಟಿ ಮಾಡ್ಕೊಂಡಿರ್ತಾಳೆ. ಅವಳ ಹೊಟ್ಟೆಗೆ ಪುನಃ ಯಾಕೆ ಕೆಂಡ ಹಾಕ್ತೀರಿ?" ನನ್ನ ಗಂಡ ವ್ಯಾನಿನ ಬೀಗದ ಕೈ ಅಡಗಿಸಿಟ್ಟ. ಮಾವ ಯಾರೊಡನೆಯೂ ವಾದ ಮಾಡಲಿಲ್ಲ. ಕೊಡೆ ಹಿಡಿದು ಬಸ್ ನಿಲ್ದಾಣಕ್ಕೆ ನಡೆದರು. ಆ ಮಳೆಯಲ್ಲಿ ಅವರು ಹಾಗೆ ಹೋಗುವುದನ್ನು ನೋಡಲಾಗದೆ, ಗಂಡನ ಹತ್ತಿರ ಬೀಗದ ಕೈ ಕಿತ್ತುಕೊಂಡು ನಾನು ವ್ಯಾನು ತೆಗೆದೆ.

ಪಾಲಿಬೆಟ್ಟದ ಆಚೆ, ಎಸ್ಟೇಟ್ ಲೈನಿನ ನಡುವಿನ ಮನೆ ಅವರದು. ಆ ತಾಯಿಯ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಅವರು ಬಾಗಿಲಲ್ಲಿ ಕೂತು ಎಳೆ ಬಿದಿರಿನ ಕಣಿಲೆ ಹೆಚ್ಚುತ್ತಿದ್ದರು. ಮಾವ ಒಳಗೆ ಹೋಗಲಿಲ್ಲ, ಸೂರಿನ ಕೆಳಗೆ ನಿಂತೇ ಹೇಳಿದರು. ಸುತ್ತುಬಳಸಲಿಲ್ಲ. "ನಾನು ಎಸಿ ಕೆಲಸದವ. ನಿಮ್ಮ ಮಕ್ಕಳ ಕೋಣೆಯ ಕಿಂಡಿ ಮುಚ್ಚಿದ್ದು ನಾನು. ಮುಚ್ಚದೆ ಇದ್ದಿದ್ರೆ ಅವರು ಇರ್ತಿದ್ರು. ಇದು ನಿಮಗೆ ಗೊತ್ತಿರ್ಬೇಕು ಅಂತ ಹೇಳ್ಲಿಕ್ಕೆ ಬಂದೆ."

ತಾಯಿಯ ಕೈಯಲ್ಲಿದ್ದ ಕತ್ತಿ ನಿಂತಿತು. ಅವರು ಮಾವನ ಮುಖ ನೋಡಿದರು. ಬೈಯಬಹುದು, ಕತ್ತಿಯನ್ನೇ ಎಸೆಯಬಹುದು ಎಂದು ನಾನು ಅಂದುಕೊಂಡಿದ್ದೆ. ಮಾವ ಅದಕ್ಕೇ ಬಂದವರಂತೆ ಕೊಡೆ ಮಡಚಿ ನಿಂತಿದ್ದರು. ಆ ತಾಯಿ ಮೆಲ್ಲಗೆ, "ನೀವಾ ಎಸಿ ಅಂಕಲ್?" ಎಂದು ಕೇಳಿದರು.

ಮಾವ ತಲೆಯಾಡಿಸಿದರು.

"ಚಿಕ್ಕವಳು ಫೋನು ಮಾಡಿ ಹೇಳಿದ್ಲು ಸಾರ್, ತೂತಿಂದ ಚಳಿ ಬರ್ತದೆ ಅಂತ. ಅವಳಿಗೆ ಸಣ್ಣದರಿಂದ ಕಿವಿ ಸೋರ್ತದೆ. ಎಸಿ ಅಂಕಲ್ ಬಂದ್ರೆ ಹೇಳಿ ಮುಚ್ಚಿಸ್ಕೋ ಅಂದೆ. ಅವರೇನಾದ್ರು ಅಂದ್ಕೊಳ್ತಾರೆ ಅಂದ್ಲು. ನಾನೇ ಬೈದೆ. ಕೇಳಿದ್ರೆ ಎಂತ ತಪ್ಪು, ಕೇಳು ಅಂದೆ." ಅಷ್ಟು ಹೇಳಿ ಮಡಿಲಲ್ಲಿದ್ದ ಕಣಿಲೆಯ ಚೂರುಗಳನ್ನು ನೋಡಿದರು. "ಆ ತೂತು ಮುಚ್ಚಿದ್ರಿಂದ ಆಯ್ತು ಅಂತ ನಂಗೆ ಗೊತ್ತಿರ್ಲಿಲ್ಲ. ಕೆಂಡದಿಂದ ಆಯ್ತು ಅಂತ ಮಾತ್ರ ಹೇಳಿದ್ರು."

ಮಾವ ಕೊಡೆಯನ್ನು ಗೋಡೆಗೆ ಒರಗಿಸಿ ಮುಂದೆ ಬಂದರು. "ಇಲ್ಲಮ್ಮ. ನಿಮಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ತಪ್ಪು ನನ್ನದು" ಎಂದು ಮತ್ತೆ ಮತ್ತೆ ಹೇಳಿದರು. ಆ ತಾಯಿ ಕೇಳಿಸಿಕೊಂಡಂತೆ ಕಾಣಲಿಲ್ಲ. ವಾಪಸು ಬರುವಾಗ ವ್ಯಾನಿನಲ್ಲಿ ಮಾವ ಒಂದೇ ಸಲ ಬಾಯಿ ಬಿಟ್ಟರು. "ನಿನ್ನ ಅತ್ತೆ ಹೇಳಿದ್ದು ಸರಿ ಇತ್ತಾ ಏನ?" ನಾನು ಗೇರು ಇಳಿಸಿದೆ. ರಸ್ತೆಯ ತುಂಬ ಹೊಂಡಗಳಿದ್ದವು.

ಆ ದಿನದಿಂದ ಆ ತಾಯಿ ರಾತ್ರಿ ಬಾಗಿಲು ಹಾಕಿಕೊಳ್ಳುವುದನ್ನು ಬಿಟ್ಟರು. ಮಳೆ ಒಳಗೆ ಬಂದರೂ ಸರಿ, ಆನೆ ಅಂಗಳಕ್ಕೆ ಬಂದರೂ ಸರಿ. ಅಲ್ಲಿ ಆನೆ ಬರುವುದು ಹೊಸತಲ್ಲ, ಅಕ್ಕಿಯ ವಾಸನೆಗೆ ಲೈನಿನ ಬಾಗಿಲನ್ನೇ ಮುರಿದದ್ದುಂಟು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಗದರಿಸಿದ, ಪಕ್ಕದ ಮನೆಯವರು ಬೇಡಿಕೊಂಡರು. ಬಾಗಿಲು ಹಾಕಿದರೆ ಎದೆ ಕಟ್ಟುತ್ತದೆ ಎನ್ನುವರಂತೆ. ವಿಷಯ ಮಾವನ ಕಿವಿಗೆ ಬಿತ್ತು. ಹೇಳಲು ಹೋಗಿ ತಾನೇ ಇದನ್ನು ಮಾಡಿದೆ ಎಂಬುದು ಅವರಿಗೆ ಸ್ಪಷ್ಟವಿತ್ತು. ಆ ತಾಯಿಯಿಂದ ಬಾಗಿಲು ಹಾಕಿಸದೆ ತನಗೆ ಸಾವಿಲ್ಲ ಅಂದರು. ಅವರ ಉಳಿದ ಆಯುಸ್ಸೆಲ್ಲ ಆ ಒಂದು ಬಾಗಿಲಿಗೆ ಹೋಯಿತು.

ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟರು. ಆ ತಾಯಿಯ ಮನೆಯ ಗೋಡೆಗೆ ಮೇಲೆ ಒಂದು, ಕೆಳಗೆ ಒಂದು ಕಿಂಡಿ ಕೊರೆದು, ಮಳೆಯ ಎರಚಲು ಹೊಡೆಯದಂತೆ ಹೊರಗೆ ಸಣ್ಣ ಮಾಡು ಇಟ್ಟರು. ಊದುಬತ್ತಿ ಹಚ್ಚಿ, ಹೊಗೆ ಹೇಗೆ ಹೋಗುತ್ತದೆ ನೋಡಿ ಎಂದು ತೋರಿಸಿದರು. ಅವರು ನೋಡಿದರು, ತಲೆಯಾಡಿಸಿದರು, ರಾತ್ರಿ ಬಾಗಿಲು ತೆರೆದೇ ಇಟ್ಟರು. ಇವರು ಮುಂದಿನ ವಾರ ಮತ್ತೆ ಹೋದರು. ಆ ನೆಪದಲ್ಲಿ ಲೈನಿನ ಉಳಿದ ಮನೆಗಳಿಗೂ ಕಿಂಡಿ ಕೊರೆದರು. ಮಳೆ ಬಂದಾಗ ಜನ ಗೋಣಿ ತುರುಕಿ ಮುಚ್ಚುತ್ತಿದ್ದರು, ಇವರು ಹೋಗಿ ಕಿತ್ತು ಬೈಯುತ್ತಿದ್ದರು. "ತೂತಿನ ತಾತ ಬಂತು" ಎಂದು ಮಕ್ಕಳು ನಗುತ್ತಿದ್ದವು. ಮನೆಯಲ್ಲಿ ಅತ್ತೆ ಮಾತು ಬಿಟ್ಟರು. ಮುಪ್ಪಿನಲ್ಲಿ ಗಂಡಸಿಗೆ ತಲೆ ಕೆಟ್ಟಿತು ಎಂದು ನೆಂಟರು ಆಡಿಕೊಂಡರು. ನಾನು ವ್ಯಾನು ಓಡಿಸಿದೆ. ನನಗೂ ಎಷ್ಟೋ ಸಲ ಸಾಕಾಗಿ ಹೋಗಿ, "ಇನ್ನು ನಾನು ಬರುದಿಲ್ಲ ಮಾವ" ಎಂದು ಹೇಳಿದ್ದೇನೆ. "ಬೇಡ, ಬಸ್ಸುಂಟು" ಅನ್ನುವರು. ಮತ್ತೆ ಹೋಗುತ್ತಿದ್ದೆ.

ಪ್ರತಿ ಸಲ ಹೊರಡುವಾಗ, ಕೊಡೆ ಬಿಚ್ಚುತ್ತ, ಅವರು ಆ ತಾಯಿಯನ್ನು ಕೇಳುವ ಮಾತೊಂದಿತ್ತು. "ಅಮ್ಮ, ನಾನು ಬಂದು ಹೇಳಿದ್ದು ಒಳ್ಳೇದಾಯ್ತಾ?" ಅವರ ದನಿ ಆಗ ನಮ್ಮ ಮನೆಯಲ್ಲಿ ಯಾರೂ ಕೇಳದಷ್ಟು ಸಣ್ಣದಾಗುತ್ತಿತ್ತು. ಆ ತಾಯಿ, "ಒಳ್ಳೇದಾಯ್ತು ಸಾರ್" ಅನ್ನುವರು. ಅಷ್ಟು ಕೇಳಿದ ಮೇಲೆ ಮಾವ ವ್ಯಾನು ಹತ್ತುತ್ತಿದ್ದರು. ದಾರಿಯಲ್ಲಿ ಸ್ವಲ್ಪ ಮಾತಾಡುವರು, ಹಸಿವೆ ಅನ್ನುವರು. ಆ ರಾತ್ರಿ ಅವರಿಗೆ ನಿದ್ದೆ ಬರುತ್ತಿತ್ತು ಎಂದು ಅತ್ತೆ ಆಮೇಲೆ ಹೇಳಿದರು.

ಹೀಗೆ ಮಳೆಗಾಲಗಳು ಕಳೆದವು. ಕಳೆದ ವರ್ಷ ಮಾವನಿಗೆ ಹೃದಯದ ತೊಂದರೆ ಕಾಣಿಸಿಕೊಂಡಿತು. ಡಾಕ್ಟರು ತಿರುಗಾಟ ಬೇಡವೆಂದರು. ಡಾಕ್ಟರಿಗೇ ನಾಲ್ಕು ಮಾತು ಅಂದು ಬಂದರು. ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿಯುತ್ತಿದ್ದ ದಿನಗಳಲ್ಲಿ, ಒಂದು ಬೆಳಿಗ್ಗೆ, ಜಗಲಿಯಲ್ಲಿ ಕಾಫಿ ಲೋಟ ಕೆಳಗಿಟ್ಟು ಗೋಡೆಗೆ ಒರಗಿದವರು ಹಾಗೇ ಹೋಗಿಬಿಟ್ಟರು. ಲೋಟ ತೆಗೆಯಲು ಹೋದ ನನಗೆ ಮೊದಲು ಗೊತ್ತಾಯಿತು. ನನ್ನಪ್ಪ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಪಾಲಿಬೆಟ್ಟಕ್ಕೆ ನಾನೊಬ್ಬಳೇ ಹೋದೆ. ಸುದ್ದಿ ಯಾರೋ ಮುಟ್ಟಿಸಿದ್ದರು. ಆ ತಾಯಿ ನನ್ನನ್ನು ಒಳಗೆ ಕೂರಿಸಿ ಕಾಫಿ ಕೊಟ್ಟರು. ಗೋಡೆಯಲ್ಲಿ ಅಕ್ಕತಂಗಿಯರ ಫೋಟೋ ಇತ್ತು. ಕೋಣೆ ಬೆಚ್ಚಗಿತ್ತು, ಉಸಿರಾಟಕ್ಕೂ ಹಗುರವಾಗಿತ್ತು. ಎಷ್ಟೆಂದರೂ ಮಾವನ ಕೆಲಸ ಚೆನ್ನಾಗಿಯೇ ಇತ್ತು.

"ರಾತ್ರಿ ಬಾಗಿಲು ಹಾಕ್ಕೊಳ್ತೀರಾ ಅಮ್ಮ ಈಗ?" ಎಂದು ಕೇಳಿದೆ.

"ಇಲ್ಲ." ಅವರು ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದರು. "ಪ್ರತಿ ಸಲ ಕೇಳ್ತಿದ್ರು ಅವರು, ಹೇಳಿದ್ದು ಒಳ್ಳೇದಾಯ್ತಾ ಅಂತ."

"ಹೌದು. ನೀವು ಒಳ್ಳೇದಾಯ್ತು ಅಂತಿದ್ರಿ."

"ಒಳ್ಳೇದಾಗ್ಲಿಲ್ಲ ಅಕ್ಕ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಮೊದ್ಲು ದೇವ್ರಿಗೆ ಬೈದು ಮಲಗ್ತಿದ್ದೆ. ಗೊತ್ತಾದ್ಮೇಲೆ ದಿನಾ ರಾತ್ರಿ ಆ ಫೋನು ಪುನಃ ಬರ್ತದೆ. ಮುಚ್ಚಿಸ್ಕೋ ಅಂತ ನಾನೇ ಹೇಳ್ತೇನೆ. ಅವರು ಬಂದು ಹೇಳ್ಬಾರ್ದಿತ್ತು. ಪಾಪ, ಅಷ್ಟು ದೂರದಿಂದ ಮಳೆಯಲ್ಲಿ ನೆಂದು ಬರುವವರಿಗೆ ಅದನ್ನು ಹೇಗೆ ಹೇಳುದು? ಇನ್ನು ಅವರಿಗೆ ಕೇಳುದಿಲ್ವಲ್ಲ, ಅದಕ್ಕೆ ನಿಮ್ಮ ಹತ್ರ ಹೇಳಿದೆ."

ನಾನು ಕಾಫಿ ಕುಡಿದು ಮುಗಿಸಿದೆ. ಅವರು ಬಾಗಿಲವರೆಗೆ ಬಂದು ಕಳಿಸಿಕೊಟ್ಟರು.

ಮನೆಗೆ ಬರುವಾಗ ಅತ್ತೆ ಜಗಲಿಯಲ್ಲೇ ಕಾಯುತ್ತಿದ್ದರು. ಅಷ್ಟು ವರ್ಷ ಆ ಮನೆಯ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದವರು, ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದರು. "ಎಂತ ಹೇಳಿದಳು ಆ ತಾಯಿ?"

"ಅವರು ಬಂದು ಹೇಳಿದ್ದು ಒಳ್ಳೇದಾಯ್ತು ಅಂದರು" ಎಂದೆ.